ಹಿತ್ತಲಿನ ಗೂಡುಗಳನ್ನು ನೋಡಲು 8×42 ದುರ್ಬೀನು: ಒಂದು ವರ್ಷದ ಬಳಕೆಯ ಅನುಭವ

ಮನೆಯ ಹಿತ್ತಲಿನಲ್ಲೇ ಕೂರುವ ಹಕ್ಕಿಗೆ ದುರ್ಬೀನು ಏಕೆ ಎಂದು ಹಲವರು ಕೇಳುತ್ತಾರೆ. ಗೂಡಿನ ಬಳಿ ನಾವು ಪದೇ ಪದೇ ಸುಳಿದಾಡಿದರೆ ತಾಯಿಹಕ್ಕಿ ಕಾವು ಬಿಟ್ಟು ಹಾರುತ್ತದೆ, ಕೆಲವೊಮ್ಮೆ ಮೊಟ್ಟೆಗಳನ್ನೇ ತೊರೆಯುತ್ತದೆ. ನಮ್ಮ ಓಡಾಟವನ್ನು ಗಮನಿಸಿದ ಕಾಗೆಗೂ ಬೆಕ್ಕಿಗೂ ಗೂಡಿನ ಸುಳಿವು ಸಿಗಬಹುದು. ಕಿಟಕಿಯ ಹಿಂದೆ ಕುಳಿತೇ ನೋಡಬೇಕೆಂಬ ಈ ಒಂದೇ ಕಾರಣಕ್ಕೆ ನಾನು ದುರ್ಬೀನು ಕೊಂಡು, ಬೇಸಿಗೆಯಿಂದ ಚಳಿಗಾಲದವರೆಗೆ ಬಿಡದೆ ಬಳಸಿದ್ದೇನೆ.

8 ಎಂದರೆ ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ. 42 ಎಂದರೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ: ಇಲ್ಲಿ 5.25 ಮಿ.ಮೀ., 10×42ರಲ್ಲಿ 4.2 ಮಾತ್ರ. ಹತ್ತು ಪಟ್ಟಿನದೇ ಮೇಲು ಎಂದು ಅಂಗಡಿಯಲ್ಲಿ ಹೇಳಿದರೂ ಹಿತ್ತಲಿಗೆ ಅದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ, ನೋಟದ ಹರವು ಸಾಮಾನ್ಯವಾಗಿ ಕಿರಿದಾಗುತ್ತದೆ, ಕೊಂಬೆಯಿಂದ ಕೊಂಬೆಗೆ ನೆಗೆಯುವ ಹಕ್ಕಿ ಕೈತಪ್ಪುತ್ತದೆ. ಇದಕ್ಕಿಂತ ಮುಖ್ಯವಾದುದು ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗುತ್ತದೆ ಎಂಬುದು. ನನ್ನದರಲ್ಲಿ ಎರಡು ಮೀಟರ್ ದೂರದ ಎಲೆಯ ನರವೂ ಕಾಣುತ್ತದೆ. ನಾಲ್ಕೈದು ಮೀಟರಿನಾಚೆಗಷ್ಟೇ ಸ್ಪಷ್ಟವಾಗುವ ದುರ್ಬೀನು ಕಿಟಕಿಯ ಪಕ್ಕದ ಗಿಡಕ್ಕೆ ನಿರುಪಯೋಗಿ.

ಬೇಸಿಗೆಯಲ್ಲಿ ಸೂರಕ್ಕಿಯೊಂದು ಬಳ್ಳಿಯ ತುದಿಗೆ ಗೂಡು ತೂಗುಹಾಕಿತು. ಬರಿಗಣ್ಣಿಗೆ ಅದು ಒಣಕಸದ ಜೋಲು, ಅಷ್ಟೆ. ದುರ್ಬೀನಿನಲ್ಲಿ ನೋಡಿದಾಗ ಹೆಣ್ಣು ಜೇಡರಬಲೆಯನ್ನು ಕೊಕ್ಕಿನಲ್ಲಿ ತಂದು ನಾರಿಗೂ ತೊಗಟೆಯ ಚೂರುಗಳಿಗೂ ಸುತ್ತಿ ಬಿಗಿಯುವುದು, ಪಕ್ಕದ ಬಾಗಿಲಿನ ಮೇಲೆ ಸಣ್ಣ ಸೂರು ಇಳಿಬಿಡುವುದು ಒಂದೊಂದಾಗಿ ಕಂಡವು. ಮುಂದೆ ಪಿಕಳಾರದ ಬಟ್ಟಲುಗೂಡಿನಲ್ಲಿ ಮರಿಗಳು ಹುಟ್ಟಿದಾಗ, ತಂದೆತಾಯಿ ಹುಳು ಉಣಿಸಿದ ಮೇಲೆ ಬಿಳಿಯ ಪುಟ್ಟ ಚೀಲವೊಂದನ್ನು ಕಚ್ಚಿಕೊಂಡು ಹಾರುವುದನ್ನು ನೋಡಿದೆ. ಅದು ಮರಿಯ ಹಿಕ್ಕೆ. ಲೋಳೆಯ ತೆಳುಪೊರೆಯಲ್ಲಿ ಕಟ್ಟಿಬರುವುದರಿಂದ ಗೂಡು ಕೊಳೆಯಾಗುವುದಿಲ್ಲ. ವರ್ಷಗಟ್ಟಲೆ ಪಿಕಳಾರಗಳ ನಡುವೆ ಬದುಕಿಯೂ ನಾನು ಇದನ್ನು ಕಂಡಿರಲಿಲ್ಲ. ಕೊಟ್ಟ ಹಣ ಅಂದೇ ಸಾರ್ಥಕವೆನಿಸಿತು.

ಮಳೆಗಾಲ ಯಾವ ದುರ್ಬೀನಿಗೂ ನಿಜವಾದ ಪರೀಕ್ಷೆ. ಇದರ ಒಳಗೆ ಸಾರಜನಕ ತುಂಬಿ ಗಾಳಿಯಾಡದಂತೆ ಮುಚ್ಚಿರುವುದರಿಂದ ಒಳಗಿನ ಗಾಜಿಗೆ ಮಂಜು ಕಟ್ಟಲಿಲ್ಲ. ನನ್ನ ಹಳೆಯ ದುರ್ಬೀನಿಗೆ ಈ ವ್ಯವಸ್ಥೆ ಇರಲಿಲ್ಲ. ತೇವ ಒಳಸೇರಿ ಮಸೂರಕ್ಕೆ ಬೂಸ್ಟು ಹಿಡಿದು ಅದು ಹಾಳಾಯಿತು. ಮೋಡ ಕವಿದ ಸಂಜೆಯಲ್ಲಿ ಸಿಂಪಿಗ ಹಕ್ಕಿ ಎಲೆಗಳ ಅಂಚನ್ನು ನಾರಿನಿಂದ ಹೊಲಿದು ಮಾಡಿದ ಗೂಡಿಗೆ ನುಸುಳುವುದು ಕಂಡದ್ದು ಆ ಅಗಲವಾದ ಬೆಳಕಿನ ಕಂಬದ ದಯೆಯಿಂದ.

ಚಳಿಗಾಲದಲ್ಲಿ ಎರಡು ಕೊರತೆಗಳು ಬಯಲಾದವು. ಓರೆಬಿಸಿಲಿಗೆ ಎದುರಾಗಿ ನೋಡಿದರೆ ಹಕ್ಕಿಯ ಅಂಚಿನಲ್ಲಿ ನೇರಳೆ ಗೆರೆ ಮೂಡುತ್ತದೆ. ಉಲಿಯಕ್ಕಿಯಂಥ ಮಾಸಲು ಬಣ್ಣದ ಪುಟ್ಟ ವಲಸೆ ಹಕ್ಕಿಯನ್ನು ಗುರುತಿಸುವಾಗ ಇದು ದೊಡ್ಡ ತೊಡಕು. ಎರಡು ಕಣ್ಣುಗಳ ನಡುವಿನ ವ್ಯತ್ಯಾಸವನ್ನು ಸರಿಪಡಿಸುವ ಬಲಗಡೆಯ ಬಳೆ ತೀರ ಸಡಿಲ. ಚೀಲದಿಂದ ತೆಗೆಯುವಾಗಲೇ ತಿರುಗಿಬಿಡುತ್ತದೆ. ಸರಿಯಾದ ಜಾಗಕ್ಕೆ ಬಿಳಿ ಚುಕ್ಕೆಯಿಟ್ಟು ನಿಭಾಯಿಸುತ್ತಿದ್ದೇನೆ, ಆದರೆ ತಯಾರಕರು ಇದನ್ನು ಸರಿಪಡಿಸಲೇಬೇಕು. 650 ಗ್ರಾಂ ತೂಕ ಅರ್ಧ ಗಂಟೆಯಲ್ಲಿ ಕತ್ತು ನೋಯಿಸುತ್ತದೆ. ಎರಡೂ ಹೆಗಲಿಗೆ ಹಾಕುವ ಪಟ್ಟಿ ಕೊಂಡ ಮೇಲೆ ಆ ತೊಂದರೆ ತಪ್ಪಿತು.

ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಕೆಳಕ್ಕೆ ತಿರುಗಿಸಿ, ಇಡೀ ವೃತ್ತ ಕಾಣುವುದೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಮಸೂರದ ಮೇಲಿನ ಧೂಳನ್ನು ಮೊದಲು ಊದುಬುರುಡೆಯಿಂದ ಹಾರಿಸಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ. ನೇರವಾಗಿ ಒರೆಸಿದರೆ ಮರಳಿನ ಕಣ ಗಾಜಿನ ಲೇಪನವನ್ನು ಗೀಚುತ್ತದೆ.