ಫ್ರೀ ಸ್ಕ್ಯಾನಿಂಗ್ ಬೋರ್ಡ್ ನೋಡಿ ಒಳಗೆ ಹೋಗುವ ಮುಂಚೆ

ಅಮೆರಿಕದ ಡಲ್ಲಾಸ್ ಕಡೆಗೆ ಹೊಸದಾಗಿ ಬಂದಿರುವ, ಅದರಲ್ಲೂ ಗಂಡನ ಕೆಲಸದ ವೀಸಾ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು. ‘ಪ್ರೆಗ್ನೆನ್ಸಿ ಸೆಂಟರ್, ಟೆಸ್ಟ್ ಫ್ರೀ, ಸ್ಕ್ಯಾನಿಂಗ್ ಫ್ರೀ’ ಅಂತ ಬೋರ್ಡ್ ಹಾಕಿಕೊಂಡ ಜಾಗಗಳೆಲ್ಲ ಆಸ್ಪತ್ರೆಗಳಲ್ಲ.

ನನ್ನ ಇನ್ಶೂರೆನ್ಸ್ ಆಗಿನ್ನೂ ಶುರುವಾಗಿರಲಿಲ್ಲ. ಕೈಯಿಂದ ದುಡ್ಡು ಕೊಟ್ಟು ತೋರಿಸಿಕೊಳ್ಳುವುದು ಇಲ್ಲಿ ಎಷ್ಟು ದುಬಾರಿ ಅಂತ ಗೊತ್ತಲ್ವಾ? ಹಾಗಾಗಿ ಅಂಥ ಒಂದು ಸೆಂಟರ್‌ಗೆ ಹೋದೆ. ರಿಸೆಪ್ಷನ್, ಸ್ಕ್ಯಾನಿಂಗ್ ರೂಮು, ನರ್ಸ್ ಡ್ರೆಸ್ಸಿನ ಹೆಂಗಸು, ಎಲ್ಲ ಇತ್ತು. ಫೋಟೊ ಕೊಟ್ಟು ‘ಎಲ್ಲ ಚೆನ್ನಾಗಿದೆ’ ಅಂದರು. ತುಂಬಾ ಪ್ರೀತಿಯಿಂದ ಮಾತಾಡಿಸಿದರು, ಅದು ಸುಳ್ಳಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಅಂದೆ. ಅದನ್ನೇ ಮುಂದುವರಿಸಿ, ಏನೂ ಆಗಲ್ಲ ಅಂದರು.

ಬಸುರಿಯಾದ ಮೇಲೆ ಆ ಮಾತ್ರೆಯ ಡೋಸ್ ಸಾಮಾನ್ಯವಾಗಿ ಜಾಸ್ತಿ ಮಾಡಬೇಕಾಗುತ್ತದೆ, ಅದೂ ಮೊದಲ ವಾರಗಳಲ್ಲೇ. ಅಲ್ಲಿ ರಕ್ತವನ್ನೇ ತೆಗೆಯಲಿಲ್ಲ. ಇನ್ಶೂರೆನ್ಸ್ ಬಂದ ಮೇಲೆ ಹೆರಿಗೆ ಡಾಕ್ಟರ್ ಹತ್ತಿರ ಹೋದರೆ, ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರುವ ಟಿಎಸ್‌ಎಚ್ ಮೇಲೇರಿ ಕೂತಿತ್ತು. ಆ ಸೆಂಟರ್‌ನ ಚೀಟಿಯನ್ನು ಅವರು ಪಕ್ಕಕ್ಕಿಟ್ಟು, ಎಲ್ಲ ಮೊದಲಿನಿಂದ ಮಾಡಿಸಿದರು.

ಆಮೇಲೆ ಶುರುವಾಯಿತು ಫೋನು, ಮೆಸೇಜು. ಬೈಬಲ್ ಪಾಠಕ್ಕೆ ಬಂದರೆ ಪಾಯಿಂಟ್, ಪಾಯಿಂಟ್ ಕೂಡಿದರೆ ಡೈಪರ್. ನಂಬರ್ ತೆಗೆದುಹಾಕಿ ಅಂದರೂ ಬಿಡಲಿಲ್ಲ. ಇನ್ಶೂರೆನ್ಸ್‌ಗೆ ಬಿಲ್ ಕಳಿಸದ ಇಂಥ ಕಡೆ, ರೋಗಿಯ ಮಾಹಿತಿ ಕಾಯುವ ಹಿಪಾ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದೂ ಇಲ್ಲ.

ಇವು ಒಂಟಿ ಅಂಗಡಿಗಳಲ್ಲ. ಗರ್ಭಪಾತ ತಪ್ಪಿಸುವುದೇ ಗುರಿಯಾದ, ಲಾಭಕ್ಕಲ್ಲದ ದೊಡ್ಡ ಜಾಲಗಳು ಇಂಥ ಸೆಂಟರ್‌ಗಳಿಗೆ ತರಬೇತಿ, ವಕೀಲರು, ಸ್ಕ್ಯಾನಿಂಗ್ ಮಿಷನ್ ಒದಗಿಸುತ್ತವೆ. ಹಾರ್ಟ್‌ಬೀಟ್ ಇಂಟರ್‌ನ್ಯಾಷನಲ್ ಎಂಬ ಅಂಥ ಒಂದು ಜಾಲ 1971ರಿಂದ ಇದೆ. ‘ಇಲ್ಲಿ ಲೈಸೆನ್ಸ್ ಇರುವ ವೈದ್ಯಕೀಯ ಸಿಬ್ಬಂದಿ ಇಲ್ಲ’ ಅಂತ, ಲೈಸೆನ್ಸ್ ಇಲ್ಲದ ಸೆಂಟರ್‌ಗಳು ತಿಳಿಸಲೇಬೇಕು ಅಂತ ಕ್ಯಾಲಿಫೋರ್ನಿಯ ಕಾನೂನು ಮಾಡಿತ್ತು. ನಿಫ್ಲಾ ಎಂಬ ಇನ್ನೊಂದು ಜಾಲ ಕೋರ್ಟಿಗೆ ಹೋಯಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರಲ್ಲಿ ಜಾಲದ ಪರವಾಗಿ ತೀರ್ಪು ಕೊಟ್ಟಿತು. ಟೆಕ್ಸಸ್ ಸರ್ಕಾರವಂತೂ 2023ರಲ್ಲಿ ಎರಡು ವರ್ಷಕ್ಕೆಂದು 14 ಕೋಟಿ ಡಾಲರ್ ತೆಗೆದಿಟ್ಟಿತು, ಇಂಥ ಸೆಂಟರ್‌ಗಳೂ ಸೇರಿದ ಯೋಜನೆಗೆ. ಡೈಪರ್, ಮಗುವಿನ ಬಟ್ಟೆ ಬೇಕಿದ್ದವರಿಗೆ ಅಲ್ಲಿ ಸಹಾಯ ಸಿಗಬಹುದು. ನನ್ನ ತಕರಾರು ಅದಕ್ಕಲ್ಲ. ಡಾಕ್ಟರ್ ಇದ್ದಾರೆ ಅನ್ನಿಸುವ ಹಾಗೆ ಕೂರಿಸಿಕೊಳ್ಳುತ್ತಾರಲ್ಲ, ಅದಕ್ಕೆ.

ಇನ್ಶೂರೆನ್ಸ್ ಇಲ್ಲದಿದ್ದರೆ ಕೇಂದ್ರ ಸರ್ಕಾರದ ನೆರವಿನ ಕಮ್ಯುನಿಟಿ ಹೆಲ್ತ್ ಸೆಂಟರ್ ಹುಡುಕಿ. ಆದಾಯ ನೋಡಿ ಫೀಸ್ ಕಡಿಮೆ ಮಾಡುತ್ತಾರೆ, ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಎಲ್ಲೇ ಹೋದರೂ ಫಾರ್ಮ್ ತುಂಬುವ ಮುಂಚೆಯೇ ಕೇಳಿ: ನನ್ನನ್ನು ನೋಡುವ ಡಾಕ್ಟರ್ ಹೆಸರೇನು, ರಕ್ತ ಪರೀಕ್ಷೆ ಮಾಡುತ್ತೀರಾ? ಸರಿಯಾದ ಉತ್ತರ ಸಿಗದಿದ್ದರೆ ಥೈರಾಯ್ಡ್, ಶುಗರ್, ಬಿಪಿ ಇದ್ದವರು ಅಲ್ಲೇ ಸುಮ್ನೆ ಕಾಯುತ್ತಾ ಕೂರಬೇಡಿ, ಬೇರೆ ಕಡೆ ಹೋಗಿ.