ಒಂದೇ ಡಿಸ್ಕ್‌ನಲ್ಲಿ ಎರಡು-ಮೂರು ಸಿನಿಮಾ: ಆಂಟ್ ಮೂವಿ ಕ್ಯಾಟಲಾಗ್ ದೀರ್ಘಕಾಲದ ಬಳಕೆಯಲ್ಲಿ ಹೇಗಿದೆ?

ಡಿಸ್ಕ್‌ಗೆ ಒಂದೇ ಸಿನಿಮಾ ಇದ್ದರೆ ಸಿನಿಮಾ ಸಂಗ್ರಹದ ಪಟ್ಟಿ ಇಡುವ ಯಾವ ಕ್ಯಾಟಲಾಗ್ ತಂತ್ರಾಂಶವಾದರೂ ನಡೆಯುತ್ತದೆ. ಡಬಲ್ ಫೀಚರ್ (ಒಂದೇ ಡಿಸ್ಕ್‌ನಲ್ಲಿ ಎರಡು ಸಿನಿಮಾ), ನಾಲ್ಕು ಸಿನಿಮಾದ ಪ್ಯಾಕ್, ಎರಡೂ ಬದಿಯಲ್ಲಿ ಓಡುವ ಡಿವಿಡಿ ಬಂದಾಗಲೇ ಅದರ ಬಣ್ಣ ಬಯಲಾಗುವುದು. ಆಂಟ್ ಮೂವಿ ಕ್ಯಾಟಲಾಗ್ ಇಂಥದ್ದೇ ಒಂದು ತಂತ್ರಾಂಶ; ಉಚಿತ, ಓಪನ್ ಸೋರ್ಸ್. ವಿಂಡೋಸ್‌ಗಾಗಿ ಬರೆದದ್ದು, ಲಿನಕ್ಸ್‌ನಲ್ಲಿ ವೈನ್ (ವಿಂಡೋಸ್ ತಂತ್ರಾಂಶಗಳನ್ನು ಅಲ್ಲಿ ಓಡಿಸುವ ಸಾಧನ) ಮೂಲಕ ಓಡಿಸಬಹುದು. ನೋಡುವುದಕ್ಕೆ ಹಳೇ ಕಾಲದ ತಂತ್ರಾಂಶದಂತೆಯೇ ಇದೆ. ಆದರೂ ಬಹುಚಿತ್ರ ಡಿಸ್ಕ್‌ಗಳಿಗೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ, ಒಂದು ಷರತ್ತಿನ ಮೇಲೆ: ಯಾವ ಫೀಲ್ಡ್‌ಗೆ (ಮಾಹಿತಿ ತುಂಬುವ ಖಾನೆಗೆ) ಯಾವ ಕೆಲಸ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಬೇಕು.

ಇದರಲ್ಲಿ ಒಂದು ಸಾಲು ಎಂದರೆ ಒಂದು ಸಿನಿಮಾ. ಡಿಸ್ಕ್‌ಗೆ ಬೇರೆ ಪಟ್ಟಿ ಇಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ, ನನ್ನ ಲೆಕ್ಕದಲ್ಲಿ ಇದೇ ಸರಿ. ನಾವು ಹುಡುಕುವುದು ಸಿನಿಮಾವನ್ನು, ಡಬ್ಬಿಯನ್ನಲ್ಲ. ಬಾರ್‌ಕೋಡ್ ಡಬ್ಬಿಗೆ ಸೇರಿದ್ದು, ಐಎಂಡಿಬಿ ಎಂಬ ಸಿನಿಮಾ ಮಾಹಿತಿ ಜಾಲತಾಣ ಕೊಡುವ ಸಂಖ್ಯೆ ಸಿನಿಮಾಗೆ ಸೇರಿದ್ದು. ಬಾರ್‌ಕೋಡನ್ನೇ ನಂಬಿದ ತಂತ್ರಾಂಶಗಳಲ್ಲಿ ಡಬಲ್ ಫೀಚರ್ ಡಿಸ್ಕ್ ಎಷ್ಟೋ ಸಲ ಮೊದಲ ಸಿನಿಮಾದ ಹೆಸರಲ್ಲಿ ಕೂತುಬಿಡುತ್ತದೆ, ಎರಡನೆಯದು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಡಿವಿಡಿ ಪ್ರೊಫೈಲರ್ ಎಂಬ ಇನ್ನೊಂದು ಕ್ಯಾಟಲಾಗ್ ತಂತ್ರಾಂಶದ ದಾರಿ ಬೇರೆ: ಅಲ್ಲಿ ಡಿಸ್ಕ್ ಅಥವಾ ಪ್ಯಾಕೇ ಮುಖ್ಯ ದಾಖಲೆ, ತಾರಾಗಣದ ಪಟ್ಟಿಯ ನಡುವೆ ವಿಭಾಜಕ ಹಾಕಿಕೊಳ್ಳಬೇಕು. ಧಾರಾವಾಹಿ ಸೆಟ್‌ಗಳಿಗೆ ಅದು ಚೆನ್ನ, ಎರಡು ಬಿಡಿ ಸಿನಿಮಾಗಳಿಗೆ ಅಲ್ಲ.

ಹಾಗಾದರೆ ಎರಡು ಸಾಲೂ ಒಂದೇ ಡಿಸ್ಕ್‌ನವು ಎಂದು ತಂತ್ರಾಂಶಕ್ಕೆ ಗೊತ್ತಾಗುವುದು ಹೇಗೆ? ಮೀಡಿಯಾ ಲೇಬಲ್ ಫೀಲ್ಡ್‌ನಿಂದ. ಡಿಸ್ಕ್‌ನ ಕವರ್ ಮೇಲೆ ಬರೆದ ಗುರುತು, ಉದಾಹರಣೆಗೆ ‘ಡಿ-0147’, ಆ ಡಿಸ್ಕ್‌ನ ಎಲ್ಲ ಸಾಲುಗಳಲ್ಲೂ ಒಂದಕ್ಷರ ವ್ಯತ್ಯಾಸವಿಲ್ಲದೆ ಇರಬೇಕು. ಅಂಕಿಯ ಆರಂಭದ ಸೊನ್ನೆ ಬಿಡಬೇಡಿ. ಲೇಬಲ್ ಅಕ್ಷರಕ್ರಮದಲ್ಲಿ ಜೋಡಣೆಯಾಗುವುದರಿಂದ, ಸೊನ್ನೆ ಇಲ್ಲದಿದ್ದರೆ 147 ಬಂದು 9ಕ್ಕಿಂತ ಮೊದಲೇ ನಿಲ್ಲುತ್ತದೆ.

ಅನೇಕರು ಎಡವುವ ಜಾಗ ಇದು. ಎರಡನೇ ಸಿನಿಮಾ ಎಂದು ತಿಳಿಯಲಿ ಅಂತ ಲೇಬಲ್ಲನ್ನೇ ‘ಡಿ-0147-2’ ಮಾಡುತ್ತಾರೆ. ಅಲ್ಲಿಗೆ ಎರವಲು ವಿಭಾಗ ಕೈಕೊಟ್ಟಂತೆ. ಆಂಟ್‌ನ ಎರವಲು ಕಿಟಕಿಯಲ್ಲಿ ‘ಒಂದೇ ಲೇಬಲ್ ಇರುವ ಸಿನಿಮಾಗಳನ್ನೂ ಸೇರಿಸು’ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿಟ್ಟರೆ ಒಂದು ಸಿನಿಮಾ ಯಾರಿಗಾದರೂ ಕೊಟ್ಟಾಗ ಅದೇ ಡಿಸ್ಕ್‌ನ ಮಿಕ್ಕವೂ ಹೊರಗೆ ಹೋದವೆಂದು ತಾನಾಗಿ ದಾಖಲಾಗುತ್ತವೆ. ಲೇಬಲ್ ಬೇರೆಯಾದರೆ ಡಿಸ್ಕ್ ಇನ್ನೊಬ್ಬರ ಮನೆಯಲ್ಲಿರುತ್ತದೆ, ಕ್ಯಾಟಲಾಗ್ ಮಾತ್ರ ಎರಡನೇ ಸಿನಿಮಾ ಕಪಾಟಿನಲ್ಲೇ ಇದೆ ಎನ್ನುತ್ತದೆ. ಆದ್ದರಿಂದ ‘ಸ್ಥಾನ’ ಎಂದು ಒಂದು ಕಸ್ಟಮ್ ಫೀಲ್ಡ್ (ನಾವೇ ಸೇರಿಸಿಕೊಳ್ಳುವ ಖಾನೆ) ಮಾಡಿ ಎ1, ಎ2, ಬಿ1 ಎಂದು ಅಲ್ಲಿ ಬರೆಯಿರಿ: ಅಕ್ಷರ ಡಿಸ್ಕ್‌ನ ಬದಿಗೆ, ಅಂಕಿ ಕ್ರಮಕ್ಕೆ.

ಅದೇ ಎರವಲು ಕಿಟಕಿಯಲ್ಲಿ ‘ಒಂದೇ ಸಂಖ್ಯೆ’ಯ ಆಯ್ಕೆಯೂ ಇದೆ. ಪಟ್ಟಿಯಲ್ಲಿ ಪ್ರತಿ ಸಾಲಿಗೂ ಇರುವ ಸಿನಿಮಾ ಸಂಖ್ಯೆಯನ್ನೇ ಡಿಸ್ಕ್ ಸಂಖ್ಯೆಯಾಗಿ ಬಳಸುವ ಆಸೆ ಆಗುತ್ತದೆ. ಬೇಡ. ಮರುಸಂಖ್ಯೆ ಕೊಡುವ ಆಜ್ಞೆಯನ್ನು ಒಮ್ಮೆ ಅಪ್ಪಿತಪ್ಪಿ ಒತ್ತಿದರೆ ಸಾಕು, ಕವರ್ ಮೇಲಿನ ಬರಹಕ್ಕೂ ಕಂಪ್ಯೂಟರಿಗೂ ಸಂಬಂಧವೇ ಉಳಿಯುವುದಿಲ್ಲ. ಲೇಬಲ್ಲನ್ನು ಆ ಆಜ್ಞೆ ಮುಟ್ಟುವುದಿಲ್ಲ.

ಡಿಸ್ಕ್ ಎಣಿಕೆಯ ಫೀಲ್ಡ್‌ಗೆ ಮೊದಲ ಸಿನಿಮಾದಲ್ಲಿ 1, ಉಳಿದವುಗಳಲ್ಲಿ 0 ಹಾಕಿ. ಎಲ್ಲದಕ್ಕೂ 1 ಹಾಕಿದರೆ ಅಂಕಿಅಂಶದ ಪುಟದಲ್ಲಿ ನಾಲ್ಕು ಸಿನಿಮಾದ ಒಂದು ಡಿಸ್ಕ್ ನಾಲ್ಕು ಡಿಸ್ಕ್ ಆಗುತ್ತದೆ. ಫೈಲ್ ಗಾತ್ರಕ್ಕೂ ಇದೇ ಮಾತು: 8.5 ಜಿಬಿಯ ಎರಡು ಪದರದ ಡಿಸ್ಕ್‌ನ ಪೂರ್ತಿ ಗಾತ್ರ ಎರಡೂ ಸಾಲಿನಲ್ಲಿ ಕೂತರೆ ಲೆಕ್ಕ 17 ಜಿಬಿ ತೋರಿಸುತ್ತದೆ.

ಅವಧಿಯನ್ನು ಮಾತ್ರ ಕೈಯಾರೆ ತುಂಬಬೇಕು. ಡಿವಿಡಿಯ ವಿಡಿಯೊ ಫೈಲ್‌ಗಳು 1 ಜಿಬಿಗೊಂದರಂತೆ ತುಂಡಾಗಿರುವುದರಿಂದ, ಫೋಲ್ಡರಿನಿಂದ ನೇರ ಆಮದು ಮಾಡಿಕೊಂಡರೆ ಒಂದು ಸಿನಿಮಾ ನಾಲ್ಕೈದು ಸಾಲಾಗಿ ಚೂರಾಗುತ್ತದೆ, ಒಂದೊಂದಕ್ಕೂ ಅರೆಬರೆ ಅವಧಿ. ಡಿಸ್ಕನ್ನು ವಿಎಲ್‌ಸಿ ಪ್ಲೇಯರ್‌ನಲ್ಲೋ ಡಿಸ್ಕ್ ನಕಲು ಮಾಡುವ ಮೇಕ್‌ಎಂಕೆವಿಯಲ್ಲೋ ತೆರೆದು ಟೈಟಲ್ (ಡಿಸ್ಕ್‌ನಲ್ಲಿ ಬೇರೆಬೇರೆಯಾಗಿ ಓಡುವ ವಿಡಿಯೊ) ಪಟ್ಟಿ ನೋಡಿ. 92 ನಿಮಿಷದ್ದೊಂದು, 88 ನಿಮಿಷದ್ದೊಂದು ಇದ್ದು, ಜೊತೆಗೆ 180 ನಿಮಿಷದ ಮೂರನೆಯದೊಂದು ಕಂಡರೆ ಅದು ಇನ್ನೊಂದು ಸಿನಿಮಾ ಅಲ್ಲ, ಎರಡನ್ನೂ ಸಾಲಾಗಿ ಓಡಿಸುವ ‘ಪ್ಲೇ ಆಲ್’. ಅತಿ ಉದ್ದದ ಟೈಟಲ್ಲೇ ಮುಖ್ಯ ಸಿನಿಮಾ ಎಂಬ ಮಾಮೂಲಿ ಸೂತ್ರ ಇಲ್ಲಿ ನಡೆಯದು. ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿಯ) ಡಿಸ್ಕ್ ಆಗಿದ್ದರೆ ಇನ್ನೊಂದು ವಿಷಯ: ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾ ಅಲ್ಲಿ 25ರಲ್ಲಿ ಓಡುವುದರಿಂದ 120 ನಿಮಿಷದ್ದು ಸುಮಾರು 115ಕ್ಕೇ ಮುಗಿಯುತ್ತದೆ. ಕತ್ತರಿಸಿದ ಪ್ರತಿ ಎಂದು ಗಾಬರಿಯಾಗಬೇಕಿಲ್ಲ.

ಆಡಿಯೊ, ಉಪಶೀರ್ಷಿಕೆಗಳನ್ನು ಮೊದಲ ಸಾಲಿನಿಂದ ಎರಡನೆಯದಕ್ಕೆ ನಕಲು ಮಾಡಬೇಡಿ. ಒಂದೇ ಡಿಸ್ಕ್‌ನಲ್ಲಿ ಮೊದಲನೆಯದು ಅಗಲ ಪರದೆ, 5.1 ಧ್ವನಿ, ಮೂರು ಉಪಶೀರ್ಷಿಕೆ; ಎರಡನೆಯದು 4:3, ಮೊನೊ, ಉಪಶೀರ್ಷಿಕೆಯೇ ಇಲ್ಲ – ಇದು ಅಪರೂಪವೇನಲ್ಲ. ಎರಡೂ ಬದಿಯ ಡಿಸ್ಕ್‌ನಲ್ಲಿ ನಡುವಿನ ಉಂಗುರದ ಸಣ್ಣಕ್ಷರವನ್ನು ನಂಬಿ ‘ಸ್ಥಾನ’ ತುಂಬುವ ಬದಲು ಒಮ್ಮೆ ಡ್ರೈವಿಗೆ ಹಾಕಿ ನೋಡುವುದು ಮೇಲು. ಡ್ರೈವ್ ಓದುವುದು ಕೆಳಗಿನ ಬದಿಯನ್ನು, ನಮ್ಮ ಕಣ್ಣಿಗೆ ಬೀಳುವುದು ಮೇಲಿನದು.

ಅಂತರ್ಜಾಲದಿಂದ ಮಾಹಿತಿ ತರುವ ಸ್ಕ್ರಿಪ್ಟ್‌ಗಳು (ಪುಟ್ಟ ಪ್ರೋಗ್ರಾಂಗಳು) ಈ ತಂತ್ರಾಂಶದ ಬಲವೂ ಹೌದು, ತಲೆನೋವೂ ಹೌದು. ಜಾಲತಾಣದ ವಿನ್ಯಾಸ ಬದಲಾದಾಗಲೆಲ್ಲ ಕೆಡುತ್ತವೆ, ಹೊಸ ಆವೃತ್ತಿ ಇಳಿಸಿಕೊಳ್ಳಬೇಕು. ಡಬ್ಬಿಯ ಮೇಲಿನ ಜೋಡಿ ಹೆಸರನ್ನು ಹಾಗೇ ಕೊಟ್ಟರೆ ಏನೂ ಸಿಗದು. ಒಂದೊಂದು ಸಿನಿಮಾದ ಮೂಲ ಹೆಸರನ್ನೇ ಹುಡುಕಿ, ವರ್ಷ ಮತ್ತು ನಿರ್ದೇಶಕರನ್ನು ತಾಳೆ ನೋಡಿ, ಯಾಕೆಂದರೆ ಅಗ್ಗದ ಪ್ಯಾಕ್‌ಗಳಲ್ಲಿ ಅದೇ ಹೆಸರಿನ ಹಳೆಯ ಸಿನಿಮಾ ಇರುವುದೇ ಹೆಚ್ಚು. ಸ್ಕ್ರಿಪ್ಟ್ ಕಿಟಕಿಯಲ್ಲಿ ಬದಲಾಯಿಸಬಹುದಾದ ಫೀಲ್ಡ್‌ಗಳ ಪಟ್ಟಿ ಇದೆ. ಅವಧಿಯ ಟಿಕ್ ತೆಗೆದಿಡಿ. ಇಲ್ಲದಿದ್ದರೆ ಡಿಸ್ಕ್ ನೋಡಿ ತುಂಬಿದ ಅವಧಿಯ ಮೇಲೆ ಚಿತ್ರಮಂದಿರದ ಪ್ರತಿಯ ಅವಧಿ ಬಂದು ಕೂರುತ್ತದೆ.

ಒಂದು ಡಿಸ್ಕನ್ನು ಎಷ್ಟು ಸಾಲುಗಳಾಗಿ ಬಿಡಿಸುವುದು ಎಂಬ ಪ್ರಶ್ನೆಗೆ ನನ್ನ ಉತ್ತರ: ಪೂರ್ಣಪ್ರಮಾಣದ ಸಿನಿಮಾಗೆ ಅದರದೇ ಐಎಂಡಿಬಿ ಸಂಖ್ಯೆ ಇದ್ದರೆ ಅದರದೇ ಸಾಲು. ಮೂರು ಕಥೆ ಸೇರಿ ಒಂದೇ ಹೆಸರಲ್ಲಿ ಬಿಡುಗಡೆಯಾದದ್ದು ಒಂದೇ ಸಿನಿಮಾ, ಒಡೆಯಬೇಡಿ. ಹದಿನೈದು ಕಿರುಚಿತ್ರಗಳ ಡಿಸ್ಕ್‌ಗೆ ಒಂದು ಸಾಲು ಸಾಕು, ಹೆಸರುಗಳನ್ನೆಲ್ಲ ಟಿಪ್ಪಣಿಯಲ್ಲಿ ಬರೆದರೆ ಹುಡುಕಿದಾಗ ಸಿಗುತ್ತವೆ. ಟ್ರೈಲರ್, ಮೇಕಿಂಗ್, ಡಬ್ಬಿಯ ಸ್ಕ್ಯಾನ್ ಎಕ್ಸ್‌ಟ್ರಾ ವಿಭಾಗಕ್ಕೆ. ಮುಖ್ಯ ಚಿತ್ರವಾಗಿ ಆಯಾ ಸಿನಿಮಾದ ಪೋಸ್ಟರೇ ಇರಲಿ.

ಕನ್ನಡಿಗರಿಗೆ ದೊಡ್ಡ ಅಡ್ಡಿ ಒಂದಿದೆ: ಇದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಅಕ್ಷರ ಸಂಕೇತ ಪದ್ಧತಿ) ಬಳಸುವ ತಂತ್ರಾಂಶವಲ್ಲ. ಕನ್ನಡ ಲಿಪಿಯಲ್ಲಿ ಹೆಸರು ಬರೆದು ಉಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಇಲ್ಲಿ ಹೇಳಿದ ಲೇಬಲ್, ಸ್ಥಾನದ ಗುರುತುಗಳನ್ನೂ ರೋಮನ್ ಅಕ್ಷರದಲ್ಲೇ ಹಾಕಬೇಕು. ಕನ್ನಡ ಲಿಪಿ ಬೇಕೇ ಬೇಕು ಎನ್ನುವವರಿಗೆ ಇದು ಆಗಿಬರುವುದಿಲ್ಲ.

ಡಿಸ್ಕ್‌ನ ಗುರುತು ಬದಲಿಸಿದರೆ ಅದರ ಪ್ರತಿ ಸಾಲನ್ನೂ ತಿದ್ದಬೇಕಾಗುವುದು ಇನ್ನೊಂದು ಕಿರಿಕಿರಿ. ಬದಲಿಸಿದ ಮೇಲೆ ಪಟ್ಟಿಯನ್ನು ಲೇಬಲ್ ಪ್ರಕಾರ ಗುಂಪು ಮಾಡಿದರೆ, ಎರಡು ಸಿನಿಮಾ ಇರಬೇಕಾದ ಗುಂಪಿನಲ್ಲಿ ಒಂದೇ ಇದ್ದದ್ದು ತಟ್ಟನೆ ಕಾಣುತ್ತದೆ. ಯುಆರ್‌ಎಲ್ (ಸಿನಿಮಾದ ಜಾಲಪುಟದ ವಿಳಾಸ) ಪ್ರಕಾರ ಜೋಡಿಸಿದರೆ ಒಂದೇ ಸಿನಿಮಾ ಎರಡು ಡಿಸ್ಕ್‌ಗಳಲ್ಲಿ ಇರುವುದು ಅಕ್ಕಪಕ್ಕ ಬರುತ್ತದೆ. ಹೊಸ ಪ್ಯಾಕ್ ಕೊಳ್ಳುವ ಮುಂಚೆ ಆ ಪಟ್ಟಿಯನ್ನು ಸಿಎಸ್‌ವಿಗೆ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ಸರಳ ಪಠ್ಯ ಕಡತಕ್ಕೆ) ರಫ್ತು ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಬಹುದು.