ವಿಜ್ಞಾನದ ಹೋಮ್‌ವರ್ಕ್: ಫೋಟೋ ಆ್ಯಪೋ, ಚಾಟ್‌ಬಾಟೋ?

ಮುಂಬೈಯ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನವರಿಗೆ ಫೋಟೋ ಹೊಡೆದು ಉತ್ತರ ಹುಡುಕುವ ಆ್ಯಪ್ ಬೇಗ ಆಗುತ್ತದೆ. ಆದರೆ ಅದು ಒತ್ತಕ್ಷರದಲ್ಲಿ ಎಡವಬಹುದು, ಬೇರೆ ಅಂಕಿಗಳ ಲೆಕ್ಕವನ್ನೇ ತಂದುಕೊಡಬಹುದು. ಚಾಟ್‌ಬಾಟ್‌ಗೆ ಪ್ರಶ್ನೆ ಟೈಪ್ ಮಾಡುವುದು ತುಸು ರಗಳೆ. ಆದರೆ ಅರ್ಥವಾಗದ ಹಂತವನ್ನು ಮಾತ್ರ ಮತ್ತೆ ಮತ್ತೆ ಕೇಳಬಹುದು. ನಮ್ಮ ಓಟು ಇದಕ್ಕೇ.

ಆದರೂ ಅದು ಕೊಡುವ ಲೆಕ್ಕದಲ್ಲಿ ಪ್ಲಸ್-ಮೈನಸ್ ಚಿಹ್ನೆಯ ಮೇಲೆ ಕಣ್ಣಿರಲಿ. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದ್ದರೆ ಪ್ರತಿಬಿಂಬ 60 ಸೆಂ.ಮೀ.ನಲ್ಲಿ. ವಸ್ತುವಿನ ದೂರಕ್ಕೆ ಮೈನಸ್ ಹಾಕದಿದ್ದರೆ 12 ಬರುತ್ತದೆ. ವಸ್ತು ಸಂಗಮಬಿಂದುವಿನಾಚೆ ಇರುವಾಗ ಬಿಂಬ 20ರೊಳಗೆ ಬೀಳುವುದೇ ಇಲ್ಲ; ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪಾರಿಭಾಷಿಕ ಪದಗಳಿಗೆ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) ಕನ್ನಡ ಪುಸ್ತಕವೇ ಪ್ರಮಾಣ. ರೇಖಾಚಿತ್ರಕ್ಕೆ ಆ್ಯಪ್, ಚಾಟ್‌ಬಾಟ್ ಎರಡೂ ಬೇಡ, ಟೀಚರಿಗೇ ವಾಟ್ಸಾಪ್ ಮಾಡಿ.